ಎಡಗಡೆಗೆ ನಲವತ್ತು ಗ್ರಾಂ

ನಮ್ಮ ಯಜಮಾನರ ರಿಮೋಟ್ ಟ್ರಕ್ಕನ್ನು ಆಟಿಕೆ ಎಂದರೆ ಅವರು ಎರಡು ದಿನ ಮುಖ ಊದಿಸಿಕೊಂಡಿರುತ್ತಾರೆ. ಹದಿನಾರು ಕಿಲೋ ತೂಗುವ ಅದು ನಮ್ಮ ಊಟದ ಮೇಜನ್ನು ಆಕ್ರಮಿಸಿ ಎರಡು ತಿಂಗಳಾಗಿತ್ತು. ಎಡಕ್ಕೆ ತಿರುಗಿಸಿದಾಗಲೆಲ್ಲ ಪಲ್ಟಿ ಹೊಡೆಯುವುದೇ ಅದರ ರೋಗ. ಸ್ಪ್ರಿಂಗ್ ಬದಲಾಯಿಸಿದರು, ಶಾಕ್ ಅಬ್ಸಾರ್ಬರ್‌ಗೆ ಮಂದವಾದ ಎಣ್ಣೆ ತುಂಬಿದರು, ರೋಗ ಜಗ್ಗಲಿಲ್ಲ. ಕೊನೆಗೆ ಅಕ್ಕಪಕ್ಕದ ಮನೆಗಳಿಂದ ಅಡುಗೆಮನೆಯ ತಕ್ಕಡಿಗಳನ್ನು ತಂದು, ನಾಲ್ಕೂ ಚಕ್ರದಡಿ ಇಟ್ಟು, "ಎಡಗಡೆ ಮುಂದೆ ನಲವತ್ತು ಗ್ರಾಂ ಸಾಲದು ಕಣೇ" ಎಂದರು.

ಚಮಚ ಕಟ್ಟಿದರೆ ಹೆಚ್ಚಾಯಿತು, ಬೀಗದಕೈ ಕಟ್ಟಿದರೆ ಕಡಿಮೆಯಾಯಿತು. ನಮ್ಮ ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಒಂದು ಗ್ರಾಂ ಹೆಚ್ಚುಕಮ್ಮಿಯಾದರೂ ಅವರಿಗೆ ಮೈ ಉರಿಯುತ್ತದೆ. ಎದ್ದು ಬಂದು, ತಮ್ಮ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ತಕ್ಕಡಿಯ ಮೇಲಿಟ್ಟರು. ಸರಿಯಾಗಿ ನಲವತ್ತು.

ಆ ಹಲ್ಲನ್ನು ಟೇಪಿನಿಂದ ಬಿಗಿದ ಮೇಲೆ ಟ್ರಕ್ಕು ಮಣ್ಣಿನ ದಿಬ್ಬದ ಮೇಲೂ ಅಲುಗದೆ ಎಡಕ್ಕೆ ತಿರುಗಿತು. ಅಪ್ಪ ಮಗ ಕುಣಿದಾಡಿದರು. ಮಾವನಿಗೆ ಮೂರು ಹೊತ್ತೂ ಊಟವನ್ನು ಮಿಕ್ಸಿಯಲ್ಲಿ ಅರೆದು ಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು.

ಹದಿನೈದು ದಿನ ಹಲ್ಲುಕಚ್ಚಿ ಸಹಿಸಿದೆ, ಮನೆಯಲ್ಲಿ ಹಲ್ಲಿದ್ದವಳು ನಾನೊಬ್ಬಳೇ ಎಂಬಂತೆ. ಆಮೇಲೆ ಮಾವನನ್ನು ಹಲ್ಲಿನ ಡಾಕ್ಟರ ಬಳಿ ಎಳೆದುಕೊಂಡು ಹೋದೆ. ಅಳತೆ ಕೊಟ್ಟು ಬಂದ ವಾರದ ಮೇಲೆ ಡಾಕ್ಟರು ಹೊಸ ಸೆಟ್ಟು ಕೂರಿಸಿ, "ಕಚ್ಚಿ ನೋಡಿ ತಾತ, ಸರಿಯಾಗಿದೆಯಾ?" ಎಂದರು.

ಮಾವ ಕಚ್ಚಲಿಲ್ಲ. ಹಲ್ಲನ್ನು ತೆಗೆದು ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಮೂರು ಗ್ರಾಂ ಕಡಿಮೆ ಇದೆ ಡಾಕ್ಟ್ರೇ. ಇದು ಪಲ್ಟಿ ಹೊಡೆಯುತ್ತೆ."