ತಿರುಗಿಸಬಾರದ ಮೇಜು

“ವಾಲಿಸ್ಬೇಡ್ರೋ! ಮಟ್ಟವಾಗಿ ಹಿಡ್ಕೊಳ್ಳಿ!”

ಬಡಗಿ ಕೂಗಿದ ರಭಸಕ್ಕೆ ಮೇಜು ಎತ್ತಿದ್ದ ಮೂವರೂ, ಚಿಕ್ಕಂದಿನಲ್ಲಿ ಅಲ್ಲೇ ಆಡಿ ಬೆಳೆದವರು, ಆಟದ ಹಾಲಿನ ನಡುವೆಯೇ ನಿಂತುಬಿಟ್ಟರು.

“ಭಾವ, ಮೂಲೆಯಿಂದ ಮಧ್ಯಕ್ಕೆ ತರ್ತಿದೀವಿ ಅಷ್ಟೆ. ನದಿ ದಾಟಿಸ್ತಿಲ್ಲ,” ಎಂದ ಬಸ್ ಡ್ರೈವರ್.

“ಒಂದು ಕಡೆ ಮೇಲೆದ್ರೂ ನಿನ್ನ ಬಿಡಲ್ಲ ನೋಡು.”

ಡ್ರೈವರ್ ಪ್ಲಂಬರ್ ಮುಖ ನೋಡಿದ. ಪ್ಲಂಬರ್ ನರ್ಸಿನ ಮುಖ ನೋಡಿದ. ನರ್ಸು ಚಾವಣಿ ನೋಡಿದಳು. ಹೆಂಡತಿಯನ್ನು ಕಳಕೊಂಡ ಮನುಷ್ಯ, ಇವತ್ತೊಂದು ದಿನ ಏನು ಕೂಗಿದರೂ ನಡೆಯುತ್ತದೆ ಎಂದು ಮೂವರೂ ಮೇಜನ್ನು ನೀರು ತುಂಬಿದ ಹಂಡೆಯಂತೆ ಮೆಲ್ಲಗೆ ಹೊತ್ತು ತಂದು ಇಳಿಸಿದರು.

ಬಲೆ ಬಿಚ್ಚಿ, ಮೇಲೆ ಬಿಳಿ ಬಟ್ಟೆ ಹಾಸಿದರು. ಬಟ್ಟೆ ನಾಲ್ಕೂ ಕಡೆ ನೆಲ ಮುಟ್ಟುತ್ತಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೇ ಬಡಗಿಗೆ ಉಸಿರು ಬಂತು. ಆಸ್ಪತ್ರೆಯಿಂದ ತಂದ ಅಕ್ಕನ ದೇಹವನ್ನು ಅದರ ಮೇಲೆ ಮಲಗಿಸಿದರು. ಮನೆಯಿರುವುದು ಮೂರನೇ ಮಹಡಿಯಲ್ಲಿ, ಮೆಟ್ಟಿಲೋ ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯುವಂತಿಲ್ಲ. ಅದಕ್ಕೇ ಇಲ್ಲಿ. ಟೇಬಲ್ ಟೆನಿಸ್ ಮೇಜಿನ ಮೇಲೆ ಹೆಣವೇ ಎಂದು ಯಾರೋ ದೂರದ ನೆಂಟರು ಮೂಗು ಮುರಿದರು. ಮುರಿಯಲಿ, ಅವರ ಮೂಗು.

ಅವಳಿಗೆ ಒಡಹುಟ್ಟಿದವರಿರಲಿಲ್ಲ, ಆದರೂ ಬೀದಿಗೆಲ್ಲ ಅಕ್ಕ. ಆ ಲೆಕ್ಕದಲ್ಲಿ ಬಡಗಿ ಬೀದಿಗೆಲ್ಲ ಭಾವ. ನಗರಸಭೆಯ ಆರೋಗ್ಯ ವಿಭಾಗದಲ್ಲಿ ಅವಳಿಗೆ ಕೆಲಸ. ಹರೆಯದ ಮಕ್ಕಳು ಕುಡಿತ, ಗಾಂಜಾ, ಮಾತ್ರೆಗಳ ದಾರಿ ಹಿಡಿಯದಂತೆ ವರ್ಷಕ್ಕೊಂದು ಯೋಜನೆ ಮಾಡಬೇಕು, ಅದಕ್ಕೆ ಹಣ ಕೇಳಬೇಕು. ಬೇರೆ ಬಡಾವಣೆಯವರು ಮೆರವಣಿಗೆಗೆ ಕೇಳಿದರು, ತಲೆಬುರುಡೆಯ ಚಿತ್ರಗಳಿಗೆ ಕೇಳಿದರು. ಅಕ್ಕ ಕೇಳಿದ್ದು ಒಂದು ಹಾಲ್, ಒಳ್ಳೆಯ ದೀಪ, ಆಟದ ಮೇಜು, ಚೆಂಡು, ಬ್ಯಾಟು. ಶಾಲೆ ಬಿಟ್ಟ ಮೇಲೆ ಅಪ್ಪ ಅಮ್ಮ ಮನೆಗೆ ಬರುವವರೆಗಿನ ಹೊತ್ತಿದೆಯಲ್ಲ, ಅದನ್ನು ತುಂಬಿಬಿಟ್ಟರೆ ಅರ್ಧ ಗೆದ್ದಂತೆ ಎಂಬುದು ಅವಳ ವಾದ.

ಕೌನ್ಸಿಲರ್ ಹೂವಿನ ಹಾರ ಹಿಡಿದು ಬಂದರು. ಹಾರ ಇಟ್ಟರು, ಕೈ ಮುಗಿದರು, ನಿಜವಾಗಿಯೂ ಕಣ್ಣೊರೆಸಿಕೊಂಡರು. ಆಮೇಲೆ ಮೇಜಿನ ಅಂಚಿಗೆ ಅಂಗೈ ಊರಿ, ಬಡಗಿಯ ಕಿವಿಯ ಹತ್ತಿರ ಬಗ್ಗಿದರು.

“ಇವತ್ತು ಕೇಳಬಾರದು. ಆದ್ರೂ ಕೇಳ್ತೀನಿ. ನಾವು ಕೊಟ್ಟ ಬೋರ್ಡು ಎಲ್ಲಿ?”

“ಇದೆ ಸಾರ್.”

“ನಾಳೆ ಮೀಟಿಂಗು. ಹೊಸ ಕಮಿಷನರ್ ತುಂಬಾ ಖಡಕ್ಕು. ಬೋರ್ಡಿಲ್ಲ ಅಂದ್ರೆ ಕೇಂದ್ರ ಇಲ್ಲ, ಕೇಂದ್ರ ಇಲ್ಲ ಅಂದ್ರೆ ಹಣ ಇಲ್ಲ ಅಂತಾರೆ. ನಿಮ್ಮಾಕೆ ವರ್ಷಾ ವರ್ಷಾ ಬೋರ್ಡಿನ ಅದೇ ಹಳೇ ಫೋಟೋ ಕಳಿಸ್ತಿದ್ರು. ಅದ್ರಲ್ಲಿ ನನ್ನ ತಲೆ ತುಂಬ ಕೂದಲಿದೆ! ಇವತ್ತೇ ಬಾಗಿಲ ಮೇಲೆ ಹಾಕ್ಸಿ, ನಾನು ನೋಡ್ಕೊಂಡೇ ಹೋಗ್ತೀನಿ.”

ಬಡಗಿ ಕೌನ್ಸಿಲರ ಅಂಗೈಯನ್ನೇ ನೋಡುತ್ತಿದ್ದ. ಅದು ಆ ಬೋರ್ಡಿನ ಮೇಲೇ ಇತ್ತು.

*

ಬೋರ್ಡು ಬಂದದ್ದು ಮೂವತ್ತು ವರ್ಷದ ಹಿಂದೆ, ಹಾಲ್ ತೆರೆದ ದಿನವೇ. ಬಾಗಿಲಿಗಿಂತ ದೊಡ್ಡ ಗಟ್ಟಿ ಹಲಗೆ. ಕೆಂಪಕ್ಷರದಲ್ಲಿ ‘ಮಾದಕ ವ್ಯಸನ ತಡೆ ಕೇಂದ್ರ’, ಪಕ್ಕದಲ್ಲಿ ಹಲ್ಲು ಬಿಟ್ಟು ಕೈ ಮುಗಿದ ಕೌನ್ಸಿಲರ ಬಣ್ಣದ ಚಿತ್ರ. ಫೋಟೋ ತೆಗೆದರು, ಭಾಷಣ ಮಾಡಿದರು, ಹೋದರು. ಆಮೇಲೆ ಒಂದು ನರಪಿಳ್ಳೆಯೂ ಬರಲಿಲ್ಲ. ಬಂದ ಒಬ್ಬ ಹುಡುಗನನ್ನು ಅವನ ತಾಯಿ ಕಿವಿ ಹಿಡಿದು ಎಳೆದುಕೊಂಡು ಹೋದಳು. “ಈ ಬಾಗಿಲಲ್ಲಿ ನಿನ್ನನ್ನ ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ? ಚಟ ಹಿಡಿದಿದೆ ಅನ್ನಲ್ವಾ?”

ಅಕ್ಕ ಖಾಲಿ ಹಾಲಿನಲ್ಲಿ ಕೂತು ಬಹಳ ಹೊತ್ತು ಯೋಚಿಸಿದಳು. ಆಟದ ಮೇಜಿಗೆ ಕೇಳಿದ್ದ ಹಣವೆಲ್ಲ ಈ ಬೋರ್ಡಿಗೇ ಹೋಗಿತ್ತು.

“ರೀ, ಇದಕ್ಕೆ ಕಾಲು ಹಾಕ್ತೀರಾ?”

“ಯಾವುದಕ್ಕೆ?”

“ಬೋರ್ಡಿಗೆ. ಅಕ್ಷರ ಕೆಳಗೆ ಮಾಡಿ.”

ಅವನು ನಕ್ಕ. ಅವಳು ನಗಲಿಲ್ಲ. ಹಲಗೆಯ ಬೆನ್ನಿಗೆ ಹಸಿರು ಬಣ್ಣ ಬಳಿದು, ತೇಗದ ಕಾಲು ಕೂರಿಸಿಕೊಟ್ಟ. ವಾರ ಕಳೆಯುವುದರೊಳಗೆ ಬ್ಯಾಟಿಗಾಗಿ ಹುಡುಗರು ಜಗಳವಾಡತೊಡಗಿದರು. ಗಂಡ ಹೆಂಡತಿ ಈ ಗುಟ್ಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಬಡಗಿ ಅಲ್ಲಿಂದಾಚೆ ಆ ಮೇಜಿನಡಿಗೆ ಬಗ್ಗಿದ್ದೂ ಇಲ್ಲ. ತಾನು ಹಾಕಿದ ಕಾಲು ಅಲುಗಾಡುವುದಿಲ್ಲ ಎಂಬ ಜಂಬ ಒಂದು, ಮಂಡಿನೋವು ಇನ್ನೊಂದು.

*

ಸ್ಮಶಾನದ ದಾರಿಯಲ್ಲಿ ಹಿಂದಿನ ಸಾಲಿನ ಇಬ್ಬರು ಹೆಂಗಸರ ಮಾತು ಅವನ ಕಿವಿಗೆ ಬೀಳುತ್ತಿತ್ತು.

“ಏನು ಕೆಲಸದಲ್ಲಿದ್ರಂತೆ?”

“ಆಫೀಸಲ್ಲಿ. ಮಕ್ಕಳನ್ನ ಆಡಿಸ್ತಿದ್ರು.”

“ಅದಕ್ಕೂ ಸಂಬಳ ಕೊಡ್ತಾರಾ?”

“ಕೊಡ್ತಿದ್ರು ಅಂತ ಕಾಣತ್ತೆ. ಪುಣ್ಯವಂತೆ.”

ಬಡಗಿಗೆ ಸಿಟ್ಟು ಬರಲಿಲ್ಲ. ಅವಳಿದ್ದಿದ್ದರೆ ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಿದ್ದಳು. ಅವನ ತಲೆಯಲ್ಲಿ ಕೊರೆಯುತ್ತಿದ್ದದ್ದು ಆಸ್ಪತ್ರೆಯ ಮಾತು. ಮಾತು ನಿಲ್ಲುವ ಮುಂಚೆ ಅವಳು ಅವನ ಬೆರಳು ಹಿಡಿದು ಹೇಳಿದ್ದಳು, “ಹಾಲ್ ಮುಚ್ಚಬಾರದು. ಬೋರ್ಡು ಬಾಗಿಲಿಗೆ ಹೋಗಬಾರದು. ಎರಡೂ ನೋಡ್ಕೊಳ್ಳಿ.” ಹೂಂ ಅಂದುಬಿಟ್ಟಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೋರ್ಡು ಹಾಕಿದರೆ ಮಕ್ಕಳು ಬರುವುದಿಲ್ಲ, ಹಾಕದಿದ್ದರೆ ಹಣ ಬರುವುದಿಲ್ಲ. ಮೂವತ್ತು ವರ್ಷ ಅವಳೇ ಹೂಡುತ್ತಿದ್ದ ಉಪಾಯಗಳಲ್ಲಿ ಒಂದನ್ನಾದರೂ ಅವನಿಗೆ ಕಲಿಸಿ ಹೋಗಬಾರದಿತ್ತೇ?

*

ಸ್ಮಶಾನದಿಂದ ಹಿಂತಿರುಗಿದಾಗ ಹಾಲಿನಲ್ಲಿ ಉಳಿದವರು ಬಡಗಿ, ಆ ಮೂವರು, ಕೌನ್ಸಿಲರ್, ಹೀಗೆ ಐದು ಜನ. ಬಿಳಿ ಬಟ್ಟೆ ತೆಗೆದಾಗಿತ್ತು. ಹಸಿರು ಮೇಜು ಬರಿದಾಗಿ ನಿಂತಿತ್ತು. ಕೌನ್ಸಿಲರ್ ಗಡಿಯಾರ ನೋಡಿಕೊಂಡರು.

“ಏಣಿ ತರಿಸ್ಲಾ? ಬೋರ್ಡು ಎಲ್ಲಿದೆ ಹೇಳಿ.”

ಕಳೆದುಹೋಯಿತು ಅನ್ನಲೇ, ಗೆದ್ದಲು ತಿಂದಿತು ಅನ್ನಲೇ ಎಂದು ಬಡಗಿ ತಡವರಿಸುತ್ತಿರುವಾಗಲೇ ನರ್ಸು ಬಾಯಿ ಹಾಕಿದಳು.

“ಬೋರ್ಡು ಇಲ್ಲೇ ಇದೆ ಸಾರ್. ಸ್ವಲ್ಪ ಬಗ್ಗಬೇಕಷ್ಟೆ.”

ಬಡಗಿ ಅವಳತ್ತ ತಿರುಗಿದ. “ನಿಂಗೆ ಹೇಗೆ ಗೊತ್ತು?”

“ಒಳ್ಳೇ ಭಾವ ನೀವು! ಚೆಂಡು ಬಿದ್ರೆ ಎಲ್ಲಿಗೆ ಹೋಗತ್ತೆ? ಮೇಜಿನ ಕೆಳಗೆ. ಎತ್ಕೊಳ್ಳೋಕೆ ಹೋದೋರೆಲ್ಲ ಓದಿದೀವಿ.”

“ಎಲ್ಲರೂ?”

“ಎಲ್ಲರೂ,” ಎಂದ ಡ್ರೈವರ್. “ಹೊಸಬರು ಬಂದ್ರೆ ನಾವೇ ಹೇಳ್ತಿದ್ವಿ. ಓದ್ಕೋ, ಆದ್ರೆ ಅಕ್ಕಂಗೆ ಗೊತ್ತಾಗೋದು ಬೇಡ. ಪಾಪ, ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದಾರೆ, ಬೇಜಾರು ಮಾಡ್ಕೋತಾರೆ ಅಂತ.”

ಕೌನ್ಸಿಲರಿಗೆ ತಲೆಬುಡ ಅರ್ಥವಾಗಲಿಲ್ಲ. ಪ್ಲಂಬರ್ ಮೊಬೈಲ್ ಬೆಳಕು ಹಿಡಿದ. ಅವರು ಪ್ಯಾಂಟು ಮೇಲೆಳೆದುಕೊಂಡು, ಮೊದಲು ಮಂಡಿ, ಆಮೇಲೆ ಕೈ ಊರಿ, ಮೇಜಿನಡಿಗೆ ನುಸುಳಿದರು.

“ನನ್ನ ತಲೆಗೆ ಈ ಕೋಡು ಯಾರು ಬರೆದದ್ದು?” ಎಂದು ಕೆಳಗಿನಿಂದ ದನಿ ಬಂತು.

“ನಾನು ಸಾರ್,” ಎಂದಳು ನರ್ಸು.

“ಮೀಸೆ?”

“ಅದು ನಮಗಿಂತ ಹಿಂದಿನೋರು.”

“ಮೂಗಿನ ಮೇಲೆ ಚೂಯಿಂಗ್ ಗಮ್ ಬೇರೆ!”

“ನಂದೇ ಸಾರ್,” ಎಂದ ಪ್ಲಂಬರ್. “ಅವತ್ತು ನನ್ನ ಜೇಬಲ್ಲಿ ಒಂದು ಗಾಂಜಾ ಪೊಟ್ಟಣಾನೂ ಇತ್ತು. ಅಲ್ಲೇ ಮಲ್ಕೊಂಡು ಮೇಲೆ ಬರೆದಿರೋದನ್ನ ಓದಿದೆ.”

“ಆಮೇಲೆ?”

“ಆಮೇಲೇನು? ಸರ್ವ್ ನಿಂದು, ಬಾರೋ ಅಂತ ಅಕ್ಕ ಕೂಗಿದ್ರು. ಬಂದೆ.”

ಕೌನ್ಸಿಲರ್ ಹೊರಗೆ ಬಂದು ಮಂಡಿಯ ಧೂಳು ಕೊಡವಿಕೊಂಡರು. ಪ್ಲಂಬರನನ್ನು ಒಮ್ಮೆ ನೋಡಿದರು. ಬೋಳುತಲೆಯ ಮೇಲೆ ಕೈಯಾಡಿಸಿಕೊಂಡರು.

“ಇದನ್ನ ಬಾಗಿಲ ಮೇಲೆ ಹಾಕಿದ್ರೆ ನಾನು ಮತ್ತೆ ಚುನಾವಣೆಗೆ ನಿಂತ ಹಾಗೇ! ಬೇಡಪ್ಪಾ ಬೇಡ. ಬೋರ್ಡು ಕೇಂದ್ರದೊಳಗೇ ಇದೆ, ಎಲ್ಲರೂ ಓದ್ತಾರೆ, ನಾನೇ ಕಣ್ಣಾರೆ ನೋಡಿದೀನಿ ಅಂತ ನಾಳೆ ಹೇಳ್ತೀನಿ. ಸುಳ್ಳೇನಲ್ವಲ್ಲ? ಕಮಿಷನರಿಗೆ ಅನುಮಾನ ಬಂದ್ರೆ ಅವರೂ ಬಂದು ಬಗ್ಗಲಿ.”

ಅವರು ಬಡಗಿಯ ಭುಜ ತಟ್ಟಿ ಹೊರಟರು. ಡ್ರೈವರ್ ಮೇಜಿಗೆ ಬಲೆ ಕಟ್ಟತೊಡಗಿದ.

ಮನೆಗೆ ಹೋದ ಕೂಡಲೇ ಇದನ್ನು ಅವಳಿಗೆ ಹೇಳಬೇಕು ಎಂದುಕೊಂಡ ಬಡಗಿ. ಮಕ್ಕಳು ನಮಗೇ ಟೋಪಿ ಹಾಕಿದರಲ್ಲೇ, ಮೂವತ್ತು ವರ್ಷ! ಹೇಗೆ ಶುರು ಮಾಡುವುದು, ಅವಳು ಎಲ್ಲಿ ನಗುತ್ತಾಳೆ, ಎಲ್ಲವನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಾಗಿಲವರೆಗೂ ಹೋದ. ಅಲ್ಲಿ ಕಾಲು ನಿಂತುಬಿಟ್ಟಿತು. ದುಃಖ ಆಗ ಬಂತು, ಬೆಳಗಿನಿಂದ ಬಾರದಿದ್ದದ್ದು.

ವಾಪಸ್ ಬಂದು ಮೇಜಿನ ಅಂಚು ಹಿಡಿದು, ನೋಯುವ ಮಂಡಿಯನ್ನು ಮೆಲ್ಲಗೆ ಮಡಿಸಿದ. ನರ್ಸು ಕೈ ಕೊಡಲು ಬಂದಳು, ಬೇಡವೆಂದ. ಕೆಳಗೆ ನುಸುಳಿ, ನೆಲದ ಮೇಲೆ ಅಂಗಾತ ಮಲಗಿದ. ಒಂದು ಕಾಲಿನ ಬುಡಕ್ಕೆ ಯಾರೋ ರಟ್ಟು ಮಡಿಸಿ ತುರುಕಿದ್ದರು. ಅಲುಗಾಡುತ್ತಿತ್ತೇನೋ, ಅದನ್ನೂ ಅವನಿಗೆ ಹೇಳಿರಲಿಲ್ಲ.

ಮೇಜಿನಡಿಯಿಂದ ಅವನ ಎರಡು ಚಪ್ಪಲಿಗಳಷ್ಟೇ ಹೊರಗೆ ಕಾಣುತ್ತಿದ್ದವು. ಯಾರೂ ಎದ್ದೇಳಿ ಅನ್ನಲಿಲ್ಲ. ಆಮೇಲೆ ಪ್ಲಂಬರ್ ಬ್ಯಾಟು ಎತ್ತಿಕೊಂಡು, ಚಪ್ಪಲಿಗಳನ್ನು ತುಳಿಯದಂತೆ ಕಾಲು ಅಗಲಿಸಿ ನಿಂತು, ಚೆಂಡನ್ನು ಮೆತ್ತಗೆ ಆಚೆಗೆ ಹೊಡೆದ.