ಕೆನೆ ಹೊತ್ತ ಲಿಂಗ

ಗಾದಿಲಿಂಗಪ್ಪನ ಮನೆಯ ದೇವರ ಜಗಲಿಗೆ ಆ ಬೆಳ್ಳಿಬಣ್ಣದ ಲಿಂಗ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಚಳಿಗಾಲದಲ್ಲಿ. ಅದರ ಜತೆಗೆ ಒಂದು ಸುಳ್ಳೂ ಕುರುಗೋಡಿಗೆ ಬಂತು. ಸುಳ್ಳೆಂದು ಗೊತ್ತಿದ್ದವರು ಇಬ್ಬರೇ, ಮಗ ಜಂಬಣ್ಣ ಮತ್ತು ಸೊಸೆ ವಿರೂಪಮ್ಮ.

ಜಂಬಣ್ಣ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಒಂದು ಗೋದಾಮು ಕಾಯುತ್ತಿದ್ದ. ದಂಡಿನವರು ಹೊರಡುವಾಗ ಎಸೆದ ಮುರುಕು ಯಂತ್ರಗಳ ನಡುವೆ ಅವನಿಗೆ ಒಂದು ಗಾಜಿನ ಕುಪ್ಪಿ ಸಿಕ್ಕಿತು. ಒಳಗಿನ ಲೋಹ ಪಾದರಸದ ಹಾಗೆ ಹೊಳೆಯುತ್ತಿತ್ತು. ಆದರೆ ನಸುಕಿನ ಚಳಿಗೆ ಕಲ್ಲಾಗುತ್ತಿತ್ತು, ಅಂಗೈಯಲ್ಲಿ ಹಿಡಿದರೆ ನೀರಾಗುತ್ತಿತ್ತು. ಅದು ಗ್ಯಾಲಿಯಂ ಎಂದು ಸಾಹೇಬನೊಬ್ಬ ಹೇಳಿದ್ದ. ಜಂಬಣ್ಣನಿಗೆ ಆ ಹೆಸರು ಕಟ್ಟಿಕೊಂಡು ಆಗಬೇಕಾದದ್ದೇನೂ ಇರಲಿಲ್ಲ.

ಅವನಿಗೆ ನೆನಪಾದದ್ದು ಅಪ್ಪ. ಅವ್ವ ಹುಲುಗಮ್ಮ ತೀರಿಕೊಂಡ ಮೇಲೆ ಗಾದಿಲಿಂಗಪ್ಪನ ಊಟ ಅರ್ಧ ರೊಟ್ಟಿಗೆ ಇಳಿದಿತ್ತು, ಮಾತು ಅದಕ್ಕಿಂತ ಕಡಿಮೆ. ಸಿದ್ಧರು ಹರಿಯುವ ಪಾದರಸವನ್ನು ಗಟ್ಟಿಯಾಗಿ ಕಟ್ಟಿ ರಸಲಿಂಗ ಮಾಡುತ್ತಾರಂತೆ, ಸಾಯುವ ಮೊದಲು ಅದಕ್ಕೊಮ್ಮೆ ಪೂಜೆ ಮಾಡಬೇಕು ಎಂಬುದು ಮುದುಕನ ಹರೆಯದ ಆಸೆ. ಜಂಬಣ್ಣ ಲೋಹವನ್ನು ಮಣ್ಣಿನ ಅಚ್ಚಿಗೆ ಹೊಯ್ದು, ಚಳಿಗಿಟ್ಟು, ನೆಲ್ಲಿಕಾಯಿ ಗಾತ್ರದ ಲಿಂಗ ಮಾಡಿ ತಂದ. ಸಿರಿಗೇರಿ ದಾರಿಯಲ್ಲಿ ಒಬ್ಬ ಸಿದ್ಧ ಕೊಟ್ಟ ಎಂದು ಅಪ್ಪನಿಗೆ ಹೇಳಿದ.

“ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ. ನಾ ಒಂದ ಹೇಳೀನಿ, ಅಪ್ಪನ್ನ ಉಳಿಸ್ಕೊಳ್ಳಾಕ,” ಎಂದು ಹೆಂಡತಿಗೆ ಸಮಜಾಯಿಷಿ ಕೊಟ್ಟ.

ಮುದುಕ ಎದ್ದು ಕೂತ. ಎರಡು ರೊಟ್ಟಿ ತಿಂದ. ವಿರೂಪಮ್ಮ ಸಂತೋಷಕ್ಕೆ ಒಲೆಯ ಮುಂದೆ ಕೂತು ಅತ್ತಳು. ಆದರೆ ಕಲ್ಲಿನ ಪೀಠದ ಮೇಲೆ ಲಿಂಗವನ್ನಿಟ್ಟು ಅವನು ಕೈಮುಗಿದು ಒಂದು ಮಾತು ಕೊಟ್ಟ.

“ಸಿದ್ಧ ಕಟ್ಟಿದ್ದು ಇದು. ಇದರ ಕಟ್ಟು ಬಿಚ್ಚಿದ ದಿನ ನಾ ಅನ್ನ ನೀರು ಬಿಡ್ತೀನಿ.”

ಗಾದಿಲಿಂಗಪ್ಪ ಆಡಿದ ಮಾತಿಗೆ ಜೋತುಬೀಳುವ ಮನುಷ್ಯ. ತಮ್ಮನ ಹೊಸ್ತಿಲು ತುಳಿಯುವುದಿಲ್ಲ ಎಂದವನು ತಮ್ಮನ ಮಣ್ಣಿಗೂ ಹೋಗಿರಲಿಲ್ಲ. ಅಂಥ ಹಟಮಾರಿಯ ಬಾಯಲ್ಲಿ ಈ ಮಾತು. ಬಳ್ಳಾರಿ ಸೀಮೆಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ನಗುತ್ತಾರೆ. ಆ ವರ್ಷ ವಿರೂಪಮ್ಮನಿಗೆ ಅದು ನಗುವ ಮಾತಾಗಿರಲಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು. “ಬ್ಯಾಸಗ್ಯಾಗ ಶಿವಗ ತಂಪು ಬೇಕ್ರಿ ಮಾವ,” ಎಂದು ಅವಳು ಲಿಂಗದ ಮೇಲೆ ತೂತಿನ ಗಡಿಗೆ ಕಟ್ಟಿಸಿದಳು. ತಣ್ಣೀರು ಹನಿಹನಿಯಾಗಿ ಬೀಳುತ್ತಿತ್ತು. ಪೀಠದ ಸುತ್ತ ಒದ್ದೆ ಮರಳು, ಕಿಟಕಿಗೆ ಒದ್ದೆ ಗೋಣಿತಟ್ಟು. ಮುದುಕ ಅದನ್ನೆಲ್ಲ ಭಕ್ತಿ ಎಂದುಕೊಂಡು ಓಣಿಯವರ ಮುಂದೆ ಸೊಸೆಯನ್ನು ಹೊಗಳಿದ. ಅವಳೋ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ತಿರುಗುತ್ತಿದ್ದಳು.

ಚೈತ್ರದಲ್ಲಿ ತವರಿನಿಂದ ತಾಯಿಗೆ ಮೈ ಸರಿಯಿಲ್ಲವೆಂದು ಸುದ್ದಿ ಬಂದು ಸಿರುಗುಪ್ಪಕ್ಕೆ ಹೋದಳು. ಮರುದಿನ ಉರಿಬಿಸಿಲಲ್ಲಿ ತಿರುಗಿ ಬಂದರೆ ಗಡಿಗೆಯ ತೂತು ಪಾಚಿ ಕಟ್ಟಿ ಮುಚ್ಚಿತ್ತು, ಮರಳು ಒಣಗಿತ್ತು. ಲಿಂಗ ಮಾತ್ರ ಇದ್ದ ಹಾಗೇ ಇತ್ತು. ವಿರೂಪಮ್ಮ ಬೆರಳ ತುದಿಯಿಂದ ಮುಟ್ಟಿದಳು. ಮೆತ್ತಗೆ ತಗ್ಗು ಬಿತ್ತು.

ಒಳಗೆಲ್ಲ ನೀರು. ಗಾಳಿ ಸೋಕಿ ಮೈಮೇಲೆ ತಾನಾಗಿಯೇ ಕಟ್ಟಿದ ಒಂದು ಮಾಸಲು ಪೊರೆ, ಹಾಲಿನ ಕೆನೆಗಿಂತ ತೆಳುವಾದದ್ದು, ಆ ನೀರನ್ನು ಲಿಂಗದ ಆಕಾರದಲ್ಲಿ ಹಿಡಿದು ನಿಲ್ಲಿಸಿತ್ತು. ಒಮ್ಮೆ ಕರಗಿದ ಮೇಲೆ ಅದಕ್ಕೆ ಚಳಿಗಾಲದ ನಸುಕೇ ಬೇಕಿತ್ತೇನೋ, ಸುತ್ತ ಎಷ್ಟು ತಣ್ಣೀರು ಸುರಿದರೂ ಗಟ್ಟಿಯಾಗಲಿಲ್ಲ. ಹನಿ ಬಿದ್ದರೂ ಒಡೆದೀತೆಂದು ಹೆದರಿ ಅವಳು ಗಡಿಗೆಯನ್ನು ಪಕ್ಕಕ್ಕೆ ಸರಿಸಿದಳು. ಆವತ್ತಿನಿಂದ ಮುದುಕನ ಜೀವ ಆ ಕೆನೆಯ ಮೇಲೆ ನಿಂತಿತು.

“ಮಳಿಗಾಲದ ತನಕ ರಸಲಿಂಗ ಮುಟ್ಟಬಾರದಂತ್ರಿ ಮಾವ. ನಮ್ಮೂರ ಅಯ್ಯನೋರು ಹೇಳಿದ್ರು.” ಗಂಡನ ಸುಳ್ಳಿನ ಬೆನ್ನಿಗೆ ಅವಳದೂ ಒಂದು.

ಮುದುಕ ಒಪ್ಪಿದ, ಆದರೆ ಅವನಿಗೆ ಸಮಾಧಾನವಿರಲಿಲ್ಲ. “ಕಳಿ ಗುಂದೇತಲ್ಲವ್ವ. ಮೈಮ್ಯಾಲ ಕಿಲುಬು ಕುಂತಂಗ ಕಾಣತೈತಿ.”

“ಕಿಲುಬಲ್ರಿ. ಹಂಗ ಇರ್ಲಿ ಬಿಡ್ರಿ.”

ಬಸವ ಜಯಂತಿಯ ಬೆಳಿಗ್ಗೆ ಅವಳು ಬಾವಿಯಿಂದ ಕೊಡ ಹೊತ್ತು ಬಂದಾಗ ಜಗಲಿಯ ಮುಂದೆ ಹುಣಸೆಹುಳಿಯ ಬಟ್ಟಲಿತ್ತು. ಹಬ್ಬದ ದಿನ ಹಿತ್ತಾಳೆ ಸಾಮಾನು ಬೆಳಗುವ ಹುಳಿ. ಗಾದಿಲಿಂಗಪ್ಪ ಅಂಗೈ ಬಿಚ್ಚಿ ನೋಡುತ್ತ ಕೂತಿದ್ದ. ಕನ್ನಡಿಯ ಹಾಗೆ ಥಳಥಳಿಸುವ ನೀರು ಅವನ ಬೆರಳ ಸಂದಿಯಿಂದ ಮರಳಿಗೆ ತೊಟ್ಟಿಕ್ಕುತ್ತಿತ್ತು. ಪೀಠ ಖಾಲಿಯಾಗಿತ್ತು.

“ಹಬ್ಬದ ದಿನ ದೇವ್ರು ಮಬ್ಬಾಗಿರಬಾರದು ಅಂತ ತಿಕ್ಕಿದೆ,” ಎಂದ.

ಕೊಡ ಅವಳ ಸೊಂಟದಿಂದ ಜಾರಿತು. ಇನ್ನು ಮುಚ್ಚಿಟ್ಟು ಫಲವಿಲ್ಲ, ನಿಜ ಹೇಳಿದರೆ ಉಳಿದಾನು ಎನ್ನಿಸಿತು.

“ಮಾವ, ಅದು ಸಿದ್ಧ ಕೊಟ್ಟಿದ್ದಲ್ರಿ. ನಿಮ್ಮ ಮಗ ಕಂಟೋನ್ಮೆಂಟಿನ ಕಸದಾಗಿಂದ ತಂದು ಮಾಡಿದ್ದು. ಸಿದ್ಧ ಕಟ್ಟೇ ಇಲ್ಲ ಅಂದಮ್ಯಾಲ ಬಿಚ್ಚೋದು ಎಲ್ಲಿ ಬಂತು? ನಿಮ್ಮ ಮಾತು ಇದಕ್ಕ ಹತ್ತಂಗಿಲ್ರಿ.”

ಮುದುಕ ಅವಳ ಕಡೆ ತಿರುಗಿದ. “ನಿನಗೂ ಗೊತ್ತಿತ್ತು.”

“ಗೊತ್ತಿತ್ರಿ.”

ಅವನು ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಬಟ್ಟೆಯ ಮೇಲೆ ಬೂದುಗಪ್ಪು ಕಲೆ ಹತ್ತಿತು. “ಲಿಂಗ ಸುಳ್ಳಿರಬಹುದು, ಮಗ ಸುಳ್ಳು ಹೇಳಿರಬಹುದು. ಮಾತು ಕೊಟ್ಟಾವ ನಾನು, ಅದು ಸುಳ್ಳಾಗಂಗಿಲ್ಲ. ಜಂಬಣ್ಣಗ ಹೇಳಿ ಕಳಸು, ಬೈಯಂಗಿಲ್ಲ ಅಂತ ಹೇಳು. ನನಗ ರೊಟ್ಟಿ ಬಡೀಬ್ಯಾಡವ್ವ.”

ವಿರೂಪಮ್ಮ ಆದರೂ ಹಿಟ್ಟು ಕಲಸಿದಳು. ರೊಟ್ಟಿ ಬಡಿದು, ಸುಟ್ಟು, ಅವನ ತಾಟಿಗೆ ಹಾಕಿ ಎದುರಿಗೆ ಕೂತಳು. ರೊಟ್ಟಿ ಆರಿ ಕಟಕಲಾಗುವ ತನಕ ಕೂತೇ ಇದ್ದಳು. ಗಾದಿಲಿಂಗಪ್ಪ ಗೋಡೆಯ ಕಡೆ ಹೊರಳಿ ಮಲಗಿದ್ದ. ಹೊರಗೆ ಬಿಸಿಲು ಏರುತ್ತಿತ್ತು, ಅವನು ನೀರೂ ಕೇಳಲಿಲ್ಲ.