ಹದಿನೆಂಟನೆಯ ಕಂತಿನ ಮುಂದೆ

ಸವದತ್ತಿ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯ ಮುಂದೆ ನಿಂತೇ ರಾಜೇಶ್ವರಿ ವಾರಪತ್ರಿಕೆ ಬಿಡಿಸಿದಳು. ‘ಕೊಡ ಮುಳುಗುವ ಹೊತ್ತು’ ಧಾರಾವಾಹಿಯ ಹತ್ತೊಂಬತ್ತನೆಯ ಕಂತು ಇರಬೇಕಾದ ಪುಟದಲ್ಲಿ ಹಾಗಲಕಾಯಿಯ ಐದು ಬಗೆಯ ಅಡುಗೆ ಇತ್ತು. ಪುಟದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು: ‘ಅನಿವಾರ್ಯ ಕಾರಣಗಳಿಂದ ಧಾರಾವಾಹಿಯನ್ನು ನಿಲ್ಲಿಸಲಾಗಿದೆ. ಓದುಗರು ಸಹಕರಿಸಬೇಕು.’

“ಸಹಕರಿಸಬೇಕಂತ! ಯಾರ ಮನಿಗಂಟು ಕೇಳಾಕ ಹತ್ಯಾರ ಇವರು?” ಎಂದು ಅಂಗಡಿಯವನ ಮೇಲೆ ಹರಿಹಾಯ್ದಳು. ಅವನು ಕಣ್ಣು ಪಿಳಿಪಿಳಿ ಬಿಟ್ಟ. ಅಷ್ಟರಲ್ಲಿ ಉಗರಗೋಳದ ಬಸ್ಸು ಹಾರ್ನ್ ಹೊಡೆಯಿತು.

ಅದು ತೊಂಬತ್ತೊಂಬತ್ತನೆಯ ಇಸವಿಯ ಆಗಸ್ಟ್. ರಾಜೇಶ್ವರಿ ಉಗರಗೋಳದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಹನ್ನೆರಡು ವರ್ಷವಾಗಿತ್ತು. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅಂಟಿದ ದೆವ್ವದ ಕಥೆಗಳ ಹುಚ್ಚು ಮದುವೆಯಾಗಿ ಎರಡು ಮಕ್ಕಳಾದರೂ ಬಿಟ್ಟಿರಲಿಲ್ಲ. ಅತ್ತೆ ಚನ್ನವ್ವ “ಮಾಸ್ತರಕಿ ಮಾಡಾಕಿ, ಭೂತದ ಪುಸ್ತಕ ಓದ್ತಾಳ” ಎಂದು ಬೀಗರ ಮುಂದೆಲ್ಲ ಆಡಿಕೊಂಡರೂ ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಬಸ್ಸಿನಲ್ಲಿ ಎಂದಿನಂತೆ ಸ್ನೇಹಲ್ ಜಾಗ ಹಿಡಿದು ಕೂತಿದ್ದಳು. ಕಿತ್ತೂರಿನ ಹುಡುಗಿ, ಅದೇ ಶಾಲೆಗೆ ಬಂದು ಎರಡು ವರ್ಷ. ಅವಳೂ ಓದುವ ಹುಚ್ಚಿನವಳೇ. ಆದರೆ ಅವಳ ದೇವರು ಬೇರೆ: ಪತ್ತೇದಾರಿ ಕಾದಂಬರಿಗಳ ಚಕ್ರಪಾಣಿ ಹಂಪಿಹೊಳಿ. ರಾಜೇಶ್ವರಿಯ ದೇವರು ‘ರುದ್ರತನಯ’ ಎಂಬ ಗುಪ್ತನಾಮದಲ್ಲಿ ಬರೆಯುವ ಲೇಖಕ. ಇಬ್ಬರ ನಡುವೆ ಈ ಜಗಳ ನಡೆಯದೆ ಬಸ್ಸು ಒಂದು ದಿನವೂ ಉಗರಗೋಳ ಮುಟ್ಟಿದ್ದಿಲ್ಲ.

“ದೆವ್ವದ ಕತಿ ಬರಿಯೂದು ಸಸಾರ ಅಕ್ಕಾರ,” ಎನ್ನುತ್ತಿದ್ದಳು ಸ್ನೇಹಲ್. “ಬಾಗಲಾ ಕಿರ್ ಅಂತು, ದೀಪ ಆರಿತು, ಮುಗೀತು. ನಮ್ಮ ಹಂಪಿಹೊಳಿಯವರು ಹಂಗಲ್ಲ. ಮೊದಲನೇ ಪುಟದಾಗ ಮರತ ಛತ್ರಿಗೂ ಕಡೀ ಪುಟದಾಗ ಜವಾಬು ಕೊಡತಾರ.”

“ಛತ್ರಿ ಜವಾಬು ತಗೊಂಡು ಏನ್ ಮಾಡ್ತಿ? ಓದಿದ ಮ್ಯಾಲೆ ಒಬ್ಬಾಕಿನ ಹಿತ್ತಲಕ ಹೋಗಾಕ ಅಂಜಿಕಿ ಬರಬೇಕು. ರುದ್ರತನಯರ ಕತಿಯೊಳಗ ಬಾಗಲಾ ಕಿರ್ ಅನ್ನೂದಿಲ್ಲ. ಮುಚ್ಚಿಟ್ಟ ಕೊಡದಾಗಿನ ನೀರು ಮುಂಜಾನೆ ಬೆರಳುದ್ದ ಕಡಿಮಿ ಆಗಿರತೈತಿ. ಅಷ್ಟ. ಅಷ್ಟಕ್ಕ ನಾ ಮೂರು ದಿನ ನಿದ್ದಿ ಮಾಡಿಲ್ಲ.”

ಕಥೆ ನಿಂತದ್ದಾದರೂ ಎಂಥ ಜಾಗದಲ್ಲಿ! ಹೊಸ ಸೊಸೆ ಗೌರಿ ಊರಾಚೆಯ ಬಾವಿಗೆ ನೀರಿಗೆ ಹೋಗುತ್ತಾಳೆ. ಪಕ್ಕಪಕ್ಕದಲ್ಲಿ ಎರಡು ಬಾವಿ, ಒಂದು ಸಿಹಿ, ಒಂದು ಸವಳು. ಅಲ್ಲಿ ಬಿಳಿಗಣ್ಣಿನ ಒಬ್ಬ ಮುದುಕಿ. ಹದಿನೆಂಟನೆಯ ಕಂತಿನ ಕೊನೆಗೆ ಆ ಮುದುಕಿ ಗೌರಿಯ ಕೈ ಹಿಡಿದು, “ನಿನಗಿಂತ ಮೊದಲು ಆ ಮನೆಗೆ ಬಂದ ಸೊಸೆಯನ್ನು ಬಾವಿಗೆ ನೂಕಿದ್ದು ಯಾರು, ಹೇಳಲೇ?” ಎನ್ನುತ್ತಾಳೆ. ಅಲ್ಲಿಗೆ ನಿಂತಿತ್ತು.

ಈ ಕಥೆಯ ಮೇಲೆ ರಾಜೇಶ್ವರಿಗೆ ಇನ್ನೊಂದು ಹಕ್ಕೂ ಇತ್ತು. ಹತ್ತನೆಯ ಕಂತು ಓದುವಾಗಲೇ ಅವಳಿಗೆ ಆ ಬಾವಿಗಳ ಗುರುತು ಹತ್ತಿತ್ತು. ಸುರೇಬಾನದ ಆಚೆ, ಅವಳ ಸೋದರತ್ತೆಯ ಸಣ್ಣ ಹಳ್ಳಿಯಲ್ಲಿ ಇಂಥದೇ ಜೋಡಬಾವಿ ಇತ್ತು. ನಡುವೆ ಬಾಗಿದ ಬೇವು, ಹದಿನೇಳು ಮೆಟ್ಟಿಲು. ಕೂಡಲೇ ಪತ್ರಿಕೆಗೆ ಬರೆದಳು. ಊರಿನ ಹೆಸರು ಸಮೇತ, ‘ಈ ಬಾವಿ ಕಟ್ಟುಕಥೆಯಲ್ಲ, ಬಿಳಿಗಣ್ಣಿನ ಮುದುಕಿಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ’ ಎಂದು. ಅದು ವಾರದ ಮೆಚ್ಚಿನ ಪತ್ರವಾಗಿ ಚೌಕಟ್ಟಿನೊಳಗೆ ಅಚ್ಚಾಯಿತು. ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದ್ದಳು.

ಈಗ ಆ ಪತ್ರಿಕೆಗೆ ಮೂರು ಕಾಗದ ಬರೆದರೂ ಉತ್ತರವಿಲ್ಲ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರೆ ಒಮ್ಮೆ ಸಂಪಾದಕರು ಊಟಕ್ಕೆ ಹೋಗಿದ್ದರು, ಇನ್ನೊಮ್ಮೆ ಊರಿಗೇ ಹೋಗಿದ್ದರು. ಮೂರನೆಯ ಸಲ ಯಾರೋ ಬೇಸತ್ತು, “ನಮಗೂ ಗೊತ್ತಿಲ್ಲಮ್ಮಾ. ರಾಮದುರ್ಗದ ಕಡೆಯಿಂದ ಬರುತ್ತಿದ್ದವು, ನಿಂತವು,” ಎಂದು ಫೋನಿಟ್ಟರು.

ರಾಜೇಶ್ವರಿ ಮನೆಯಲ್ಲಿ ಪಾತ್ರೆ ಕುಕ್ಕಿದಳು. ಶಾಲೆಯಲ್ಲಿ ಮಗ್ಗಿ ತಪ್ಪಿದ ಮಕ್ಕಳನ್ನು ಗದರಿದಳು. ಕೊನೆಗೆ ದಾರಿ ಹೊಳೆದದ್ದು ಸ್ನೇಹಲ್‌ಗೆ.

“ಬರಿಯಾವರಿಗೆ ವಾರಕ್ಕೊಂದು ಪತ್ರಿಕಿ ಪುಕ್ಕಟ ಕಳಸತಾರಲ್ರೀ. ಹಂಗಾರ ಟಪಾಲಿನವರಿಗೆ ಆ ಮನಿ ಗೊತ್ತಿರಲೇಬೇಕು. ಹಂಪಿಹೊಳಿಯವರನ್ನ ಓದಿದ್ರ ನಿಮಗೂ ಹೊಳೀತಿತ್ತು.”

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಇಬ್ಬರೂ ರಾಮದುರ್ಗದ ಬಸ್ಸು ಹತ್ತಿದರು. ಅಂಚೆ ಕಚೇರಿಯಲ್ಲಿ ಚೀಲ ಕಟ್ಟುತ್ತಿದ್ದ ಪೋಸ್ಟ್‌ಮನ್ ತಡವರಿಸಲೇ ಇಲ್ಲ. “ಆ ಪತ್ರಿಕಿ ಏನ್ರಿ? ಮದಲ ಸುರೇಬಾನದ ಕಡೆ ಹೋಗತಿತ್ತು. ಈಗ ಒಂದು ತಿಂಗಳಾತು, ಇಲ್ಲೇ ನರ್ಸಬಾಯಿ ಲಗಮವ್ವಾರಿಗೆ ಬರತೈತಿ,” ಎಂದು ಓಣಿಯ ಗುರುತು ಹೇಳಿದ.

“ನರ್ಸಬಾಯಿ?” ರಾಜೇಶ್ವರಿ ದಾರಿಯುದ್ದಕ್ಕೂ ಅದನ್ನೇ ಅಂದಳು. ಹತ್ತು ವರ್ಷದಿಂದ ಅವಳ ಕಲ್ಪನೆಯ ರುದ್ರತನಯನಿಗೆ ಗಡ್ಡವಿತ್ತು, ಕಪ್ಪು ಶಾಲು ಇತ್ತು.

ಬಾಗಿಲು ತೆಗೆದ ಹೆಂಗಸಿಗೆ ನಲವತ್ತೈದರ ಆಸುಪಾಸು. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಕಥಿ ಓದತೀವ್ರಿ ನಿಮ್ಮವು” ಎಂದಾಕ್ಷಣ ಅವಳ ಮುಖ ಅರಳಿತು. “ಬರ್ರಿ, ಕುಂದರ್ರಿ” ಎಂದು ಚಾಪೆ ಹಾಸಿ, ಚಹಕ್ಕಿಟ್ಟಳು. ಗುಪ್ತನಾಮ ಯಾಕೆಂದು ಸ್ನೇಹಲ್ ಕೇಳಿದಾಗ ನಕ್ಕಳು. “ಹಗಲೆಲ್ಲಾ ಬಾಣಂತನಾ ಮಾಡಾಕಿ ದೆವ್ವದ ಕತಿ ಬರೀತಾಳಂದ್ರ ಯಾರ್ ಕರೀತಾರ್ರಿ ನನ್ನ?”

“ನಾ ರಾಜೇಶ್ವರಿ ಅಂತ್ರಿ. ಸವದತ್ತಿಯಾಕಿ. ನಿಮಗ ಒಂದು ಪತ್ರ—”

ಲಗಮವ್ವನ ಕೈಯಲ್ಲಿದ್ದ ಚಹದ ಕಪ್ಪು ಹಾಗೇ ನಿಂತಿತು. “ಚೌಕಟ್ಟಿನಾಗ ಬಂದಿತ್ತಲಾ, ಆ ಪತ್ರ?”

“ಹೌದ್ರಿ!” ರಾಜೇಶ್ವರಿ ಹಿಗ್ಗಿ ಹೀರೆಕಾಯಿಯಾದಳು.

ಲಗಮವ್ವ ಕಪ್ಪನ್ನು ನೆಲದ ಮೇಲಿಟ್ಟಳು. ಆಮೇಲೆ ಅವಳು ಹೇಳಿದ್ದಿಷ್ಟು. ಆರು ವರ್ಷ ಅವಳು ಆ ಹಳ್ಳಿಯಲ್ಲೇ ನರ್ಸ್ ಆಗಿದ್ದಳು. ಜೋಡಬಾವಿಯ ಪಕ್ಕ ಮರೆವ್ವ ಎಂಬ ವಿಧವೆ ಗುಡಿಸಲು ಹಾಕಿಕೊಂಡು ಬದನೆ, ಮೆಣಸು ಬೆಳೆಯುತ್ತಿದ್ದಳು. ಒಂದು ಕಣ್ಣಿಗೆ ಪೊರೆ. ಪತ್ರ ಅಚ್ಚಾದ ವಾರ ಯಾರೋ ಅದನ್ನು ಚಹದಂಗಡಿಯಲ್ಲಿ ಗಟ್ಟಿಯಾಗಿ ಓದಿದರು. ಊರ ಹೆಸರು ಪೇಪರಿನಲ್ಲಿ ಬಂದಿದೆ ಎಂದು ಮೊದಲು ಎಲ್ಲರಿಗೂ ಖುಷಿ. ಹದಿನೈದು ದಿನದಲ್ಲಿ ಹೆಣ್ಣುಮಕ್ಕಳು ಬಾವಿಗೆ ಹೋಗುವುದನ್ನು ಬಿಟ್ಟರು. ಮರೆವ್ವನ ಬದನೆಕಾಯಿ ಕೊಳ್ಳುವವರಿಲ್ಲ. ಗುಡಿಸಲ ಮೇಲೆ ಕಲ್ಲು ಬೀಳತೊಡಗಿದವು. ಊರಲ್ಲಿ ಒಬ್ಬ ಬಸುರಿಗೆ ಗರ್ಭಪಾತವಾದಾಗ ಆ ಅಪವಾದವೂ ಮರೆವ್ವನ ತಲೆಗೇ ಬಂತು.

“ನಾ ಪಂಚಾಯ್ತಿ ಕಟ್ಟಿ ಮ್ಯಾಲೆ ನಿಂತು ಹೇಳಿದೆ. ನಾನಽ ಬರದಾಕಿ, ಎಲ್ಲಾ ಸುಳ್ಳು ಅಂತ. ಹಂಗಾರ ನೀನೂ ಆಕಿ ಜೋಡಿ ಅಂದ್ರು. ಸೂಜಿ ಮಾಡಿಸ್ಕೊಳ್ಳಾಕ ನನ್ನ ಹಂತೇಲಿ ಯಾರೂ ಬರಲಿಲ್ಲ. ಬದಲಿ ಮಾಡಿಸ್ಕೊಂಡು ಇಲ್ಲಿಗೆ ಬಂದೆ. ಮರೆವ್ವ ಬೈಲಹೊಂಗಲದಾಗ ತಮ್ಮನ ಮನಿ ಸೇರ್ಯಾಳ.”

“ನಾ… ನಾ ಹೊಗಳಿ ಬರದಿದ್ದೆ,” ಎಂದಳು ರಾಜೇಶ್ವರಿ.

“ಭಾಳ ಚಂದ ಬರದಿದ್ರಿ. ನನ್ನದೂ ತಪ್ಪೈತ್ರಿ. ಬಾವಿ ಬದಲ ಮಾಡಬೇಕಿತ್ತು, ಆ ಕಣ್ಣು ಬದಲ ಮಾಡಬೇಕಿತ್ತು. ಕಣ್ಣ ಮುಂದ ಇದ್ದದ್ದನ್ನ ಎತ್ತಿ ಇಟ್ಟುಬಿಟ್ಟೆ.”

ರಾಜೇಶ್ವರಿಗೆ ನಾಚಿಕೆಯಿಂದ ಮೈ ಉರಿಯುತ್ತಿತ್ತು. ಅದರ ನಡುವೆಯೂ, ಇಷ್ಟೆಲ್ಲ ಕೇಳಿದ ಮೇಲೂ, ನಾಲಿಗೆ ತುದಿಯಲ್ಲಿ ಆ ಪ್ರಶ್ನೆ ಕೂತೇ ಇತ್ತು. ಅದಕ್ಕಾಗಿ ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು. ಕೊನೆಗೆ ಹೊಸ್ತಿಲು ದಾಟುವಾಗ ಕೇಳಿದ್ದು ಸ್ನೇಹಲ್. “ನೂಕಿದ್ದು ಯಾರ್ರಿ?”

“ಉಳದ ಐದೂ ಕಂತು ಬರದು ಟ್ರಂಕಿನಾಗ ಇಟ್ಟೇನಿ,” ಎಂದಳು ಲಗಮವ್ವ. “ಕೊಡೂದಿಲ್ಲ.” ಬಾಗಿಲು ಹಾಕಿಕೊಂಡಳು.

ಆ ಭಾನುವಾರವೇ ರಾಜೇಶ್ವರಿ ಪತ್ರಿಕೆಗೆ ಎರಡು ಪುಟದ ಕಾಗದ ಬರೆದಳು. ತಾನು ಬರೆದದ್ದು ತಪ್ಪು, ಆ ಬಾವಿಗೂ ಕಥೆಗೂ ಸಂಬಂಧವಿಲ್ಲ, ಅಲ್ಲಿಯ ಹೆಣ್ಣುಮಗಳು ನಮ್ಮ ನಿಮ್ಮಂಥವಳು, ಪೊರೆಗೆ ಆಪರೇಷನ್ ಆಗಬೇಕಾದವಳು ಎಂದು. ಮೂರು ವಾರ ಕಾದ ಮೇಲೆ ಅಚ್ಚಾದದ್ದು ಎರಡೇ ಸಾಲು: ‘ಆ ಬಾವಿ ಅದಲ್ಲ ಎನ್ನುತ್ತಾರೆ ಸವದತ್ತಿಯ ಓದುಗರೊಬ್ಬರು.’ ಮೇಲೆ ದಪ್ಪ ಅಕ್ಷರದ ತಲೆಬರಹ: ‘ಜೋಡಬಾವಿಯ ರಹಸ್ಯ: ಇನ್ನೂ ನಿಗೂಢ!’

ಅವಳು ಪತ್ರಿಕೆಯನ್ನು ಹರಿದು ಒಲೆಗೆ ಹಾಕಿದಳು. ಮರುದಿನ ಸೋದರತ್ತೆಯ ಹಳ್ಳಿಗೇ ಹೋದಳು. ಹಗಲು ಹನ್ನೊಂದರ ಬಿಸಿಲಿನಲ್ಲಿ ಹದಿನೇಳು ಮೆಟ್ಟಿಲು ಇಳಿದು, ಸಿಹಿಬಾವಿಯ ನೀರು ಸೇದಿ, ನೋಡುತ್ತ ನಿಂತ ಹೆಂಗಸರ ಎದುರಿಗೇ ತಂಬಿಗೆ ತುಂಬಾ ಕುಡಿದಳು. “ನೋಡ್ರಿ, ನನಗ ಏನರ ಆತೇನು?”

“ನೀವು ಸಾಲಿ ಕಲತಾವ್ರು ಅಕ್ಕಾರ, ಹೊರಗಿನವ್ರು,” ಎಂದಳು ಬಾಯವ್ವ ಎಂಬ ಹೆಂಗಸು ಮರ್ಯಾದೆಯಿಂದಲೇ. “ನಿಮಗ ಅದು ಏನೂ ಮಾಡೂದಿಲ್ಲ. ಮತ್ತ ನೀವಽ ಪೇಪರಿನಾಗ ಬರದಿದ್ರಲ್ಲಾ, ಕಣ್ಣಾರೆ ನೋಡೇನಿ ಅಂತ?”

ಬರೆದ ಸುಳ್ಳನ್ನು ನಂಬಿದವರು ಬಾಯಿಂದ ಹೇಳಿದ ನಿಜವನ್ನು ನಂಬಲಿಲ್ಲ. ಅವಳು ಇನ್ನೂ ಮೂರು ಶನಿವಾರ ಹೋದಳು, ಕುಡಿದಳು. ನಾಲ್ಕನೆಯ ಸಲ ಬಾಯವ್ವ ಎಮ್ಮೆಗೆಂದು ಎರಡು ಕೊಡ ಸೇದಿಕೊಂಡು ಹೋದಳು. ಅಷ್ಟೇ ಫಲ.

ಕೊನೆಗೆ ಬೈಲಹೊಂಗಲಕ್ಕೆ ಹೋದಳು. ಮರೆವ್ವ ತಮ್ಮನ ಮನೆಯ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ರಾಜೇಶ್ವರಿ ಕಾಲು ಮುಟ್ಟಲು ಬಗ್ಗಿದಳು. ಮರೆವ್ವ ಕಾಲು ಹಿಂದೆಳೆದುಕೊಂಡಳು.

“ನಿನ್ನ ಕಾಗದದಿಂದ ನನ್ನ ಬದನಿಗಿಡ ಒಣಗಿದ್ವು. ಈಗ ಕಾಲಿಗೆ ಬಿದ್ರ ಚಿಗೀತಾವೇನು?” ಎಂದಳು. ಊರಿಗೆ ತಿರುಗಿ ಬಾ ಎಂದರೆ “ಆ ನೀರಿನ ಉಸಾಬರಿ ನನಗ ಬ್ಯಾಡ” ಎಂದಳು. ಮತ್ತೆ ನಾಲ್ಕು ಶೇಂಗಾ ಪಟಪಟ ಒಡೆದಳು. ಆಮೇಲೆ ತಾನಾಗಿ ಕೇಳಿದಳು. “ನನಗ ಓದಾಕ ಬರೂದಿಲ್ಲ. ಅಷ್ಟು ಮಂದಿ ಕಲ್ಲ ಒಗದ್ರಲಾ, ಅಂಥಾದ್ದು ಏನೈತಿ ಆ ಕತಿಯೊಳಗ?”

ರಾಜೇಶ್ವರಿ ಹೇಳಿದಳು. ಮೊದಲು ಅಳುಕಿನಿಂದ, ಆಮೇಲೆ ತನಗೇ ತಿಳಿಯದಂತೆ ದನಿ ತಗ್ಗಿಸಿ, ತಡೆದು, ಬೆರಳುದ್ದ ಕಡಿಮೆಯಾಗುವ ನೀರಿನಿಂದ ಹಿಡಿದು ಒಂದೊಂದನ್ನೂ. ಮರೆವ್ವನ ಕೈ ಶೇಂಗಾದ ಮೇಲೆ ನಿಂತೇ ಹೋಯಿತು. ಬಿಳಿಗಣ್ಣಿನ ಮುದುಕಿ ಗೌರಿಯ ಕೈ ಹಿಡಿದಲ್ಲಿಗೆ ಕಥೆ ಬಂತು.

“ಮುಂದ?”

“ಮುಂದ ಗೊತ್ತಿಲ್ಲಬೇ. ನಿಂತಬಿಟ್ಟೈತಿ.”

“ಗೊತ್ತಿಲ್ಲ?” ಮರೆವ್ವ ಮೊರ ಸರಿಸಿದಳು. ರಾಜೇಶ್ವರಿ ಬಂದಾಗಿನಿಂದ ಇಲ್ಲದ ಸಿಟ್ಟು ಈಗ ಬಂದಿತ್ತು. “ನನ್ನ ಮನಿ ಹೋತು, ಗಿಡ ಹೋದ್ವು. ಆ ಮುದುಕಿ ಖರೇನಽ ದೆವ್ವಾನೋ ಪಾಪದಾಕಿನೋ ಅಂಬೂದರ ನನಗ ತಿಳೀಬೇಕೊ ಬ್ಯಾಡೊ? ಅರ್ಧಾ ಕತಿ ಹೊತಗೊಂಡು ಬಂದೀಯಲ್ಲಾ! ಆ ನರ್ಸಬಾಯಿಗೆ ಹೇಳು, ಮರೆವ್ವ ಕರದಾಳಂತ.”

ರಾಜೇಶ್ವರಿ ಲಗಮವ್ವನಿಗೆ ಅದನ್ನು ಹಾಗೆಯೇ ಬರೆದು ಹಾಕಿದಳು. ಎರಡು ತಿಂಗಳು ಏನೂ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ಒಂದು ಕಾರ್ಡು ಬಂತು. ‘ಬೈಲಹೊಂಗಲಕ್ಕೆ ಹೋಗಿ ಐದೂ ಕಂತನ್ನು ಮರೆವ್ವನಿಗೆ ಓದಿ ಹೇಳಿ ಬಂದೆ. ಅಲ್ಲಿಯೇ ಒಲೆಗೆ ಹಾಕಿದೆವು. ಇನ್ನು ಅದನ್ನು ಕೇಳಬೇಡಿರಿ. — ಲಗಮವ್ವ.’

ಮುಂದಿನ ಭಾನುವಾರವೇ ರಾಜೇಶ್ವರಿ ಬೈಲಹೊಂಗಲದಲ್ಲಿದ್ದಳು. ಮರೆವ್ವ ಈ ಸಲ ಚಹ ಕೊಟ್ಟಳು.

“ನಾಕು ದಿನ ನಿದ್ದಿ ಹತ್ತಿಲ್ಲ ನೋಡವ್ವಾ,” ಎಂದಳು. “ಎಂಥಾ ಕತಿ ಕಟ್ಯಾಳ ಆಕಿ! ಆ ಮುದುಕಿ…” ಎಂದವಳು ನಾಲಿಗೆ ಕಚ್ಚಿಕೊಂಡಳು. “ಇಲ್ಲ. ಆಣಿ ಮಾಡೇನಿ, ಹೇಳೂದಿಲ್ಲ.”

“ಒಂದಽ ಮಾತು ಎವ್ವಾ. ನೂಕಿದ್ದು ಗಂಡನೋ, ಅತ್ತಿನೋ?”

“ಚಹಾ ಆರತೈತಿ, ಕುಡಿ,” ಎಂದಳು ಮರೆವ್ವ.

ರಾಜೇಶ್ವರಿ ಕುಡಿದಳು. ತಿರುಗಿ ಬರುವಾಗ ಬಸ್ಸು ಎರಡು ಕಡೆ ಕೆಟ್ಟು ನಿಂತಿತು. ಸೋಮವಾರ ಮುಂಜಾನೆ ಬಸ್ಸಿನಲ್ಲಿ ಸ್ನೇಹಲ್ ಸರಿದು ಜಾಗ ಬಿಟ್ಟು, ಕಣ್ಣರಳಿಸಿ ಕೇಳಿದಳು. “ಹೇಳಿದ್ಲೇನ್ರಿ?”

“ಇಲ್ಲ.”

“ನನಗನಸತೈತಿ ಅಕ್ಕಾರ, ಗಂಡನಽ ಇರಬೇಕು. ಯಾಕಂದ್ರ ಆರನೇ ಕಂತಿನಾಗ—”

“ಸ್ನೇಹಲ್,” ಎಂದಳು ರಾಜೇಶ್ವರಿ, “ಉಗರಗೋಳ ಬರೂತನಾ ಬಾಯಿ ಮುಚ್ಚಿಕೊಂಡು ಕುಂದರು.”